ಮೇಯ್ದ ಹುಲ್ಲು, ಬೆಂದ ಬಾಡು

ಸಂತೆಯಲ್ಲಿ ಟಗರು ಕೊಳ್ಳಲು ಬಂದ ಅನುಭವಸ್ಥ ಮೊದಲು ಅದರ ಮುಖ ನೋಡುವುದಿಲ್ಲ. ಹಿಂದಿನಿಂದ ಬಂದು ಸೊಂಟದ ಮೇಲೆ ಅಂಗೈ ಊರಿ, ಹೆಬ್ಬೆರಳು ಬೆನ್ನುಮೂಳೆಯ ಒಂದು ಪಕ್ಕಕ್ಕೆ, ಉಳಿದ ಬೆರಳು ಇನ್ನೊಂದು ಪಕ್ಕಕ್ಕೆ ಬರುವಂತೆ ಒತ್ತಿ ನೋಡುತ್ತಾನೆ. ಮೂಳೆ ಗರಗಸದ ಹಲ್ಲಿನ ಹಾಗೆ ಕೈಗೆ ಸಿಕ್ಕರೆ ಪ್ರಾಣಿ ಬಡಕಲು. ಎಷ್ಟು ಒತ್ತಿದರೂ ಮೂಳೆಯೇ ತಿಳಿಯದಿದ್ದರೆ ಮೈತುಂಬ ಚರ್ಬಿ. ತೂಕಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಪಾತ್ರೆಯಲ್ಲಿ ಕರಗಿ ಹೋಗುತ್ತದೆ. ಒತ್ತಿದಾಗ ಮಾತ್ರ ಮೂಳೆಯ ತುದಿ ತಿಳಿದು, ಎರಡು ಪಕ್ಕದಲ್ಲೂ ಮಾಂಸ ತುಂಬಿಕೊಂಡಿದ್ದರೆ ಮುಂದಿನ ಮಾತು. ಆಮೇಲೆ ತುಟಿ ಸರಿಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ. ಇಷ್ಟಾದ ಮೇಲೆ, ದಲ್ಲಾಳಿ ಟವೆಲ್ ಹೊದಿಸಿ ಬೆರಳಲ್ಲೇ ರೇಟು ಹೇಳುವುದಕ್ಕೆ ಮುಂಚೆ, ಕುರಿಯವನಿಗೆ ಒಂದು ಪ್ರಶ್ನೆ ಹಾಕುತ್ತಾನೆ. "ಎಲ್ಲಿ ಮೇಯಿಸಿದ್ದಣ್ಣ?"

ನಗರದಲ್ಲಿ ಮನೆಬಾಗಿಲಿಗೆ ಮಾಂಸ ತಲುಪಿಸುವ ಕೆಲವು ಅಂಗಡಿಗಳು ಈಗ ಈ ಕೊನೆಯ ಪ್ರಶ್ನೆಗೆ ಪೊಟ್ಟಣದ ಮೇಲೆಯೇ ಉತ್ತರ ಅಚ್ಚು ಹಾಕಿಸುತ್ತಿವೆ: 'ಗ್ರಾಸ್ ಫೆಡ್'. ಅಂದರೆ ಹುಲ್ಲು ಮೇಯ್ದದ್ದು. ಜೊತೆಗೆ ಒಮೆಗಾ-3 ಹೆಚ್ಚು, ಹೃದಯಕ್ಕೆ ಹಿತ, ರುಚಿಯೂ ಜೋರು ಎಂಬ ಭರವಸೆ. ಬೆಲೆಯೂ ಅದಕ್ಕೆ ತಕ್ಕ ಹಾಗೆ.

ಈ ಚೀಟಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಬಹುಪಾಲು ಮಾಂಸದ ದನಗಳು ಎಳೆಯ ವಯಸ್ಸನ್ನು ಹುಲ್ಲುಗಾವಲಿನಲ್ಲಿ ಕಳೆದು, ಕೊನೆಯ ನಾಲ್ಕಾರು ತಿಂಗಳು ಸಾವಿರಗಟ್ಟಲೆ ಪ್ರಾಣಿಗಳನ್ನು ಒಟ್ಟಿಗೆ ಕೂಡಿಹಾಕುವ ದೊಡ್ಡಿಗಳಲ್ಲಿ ಮೆಕ್ಕೆಜೋಳ ತಿಂದು ಕೊಬ್ಬುತ್ತವೆ. ಅದನ್ನು ಒಲ್ಲದ ರೈತರು ತಮ್ಮ ಮಾಂಸ ಬೇರೆ ಎಂದು ತೋರಿಸಲು ಹಿಡಿದ ಹೆಸರು 'ಗ್ರಾಸ್ ಫೆಡ್'. ಅಲ್ಲಿನ ಕೃಷಿ ಇಲಾಖೆ 2007ರಲ್ಲಿ ಇದಕ್ಕೊಂದು ಮಾನದಂಡ ತಂದು, 2016ರ ಜನವರಿಯಲ್ಲಿ ತಾನೇ ಹಿಂತೆಗೆದುಕೊಂಡಿತು. ಹುಟ್ಟೂರಿನಲ್ಲೇ ಅರ್ಥ ಗಟ್ಟಿಯಾಗದ ಮಾತು ಅದು.

ನಮ್ಮ ಕಡೆಗೆ ಬಂದರೆ ಲೆಕ್ಕವೇ ಬೇರೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ನಮ್ಮದೇ ಹೆಚ್ಚು. ಇವುಗಳಲ್ಲಿ ಬಹುಪಾಲು ಬೆಳಿಗ್ಗೆ ಎದ್ದು ನಡೆದು, ಬದು, ಬೀಳು, ಗೋಮಾಳ, ಕೊಯ್ಲಾದ ಹೊಲ ಮೇಯ್ದು ಸಂಜೆ ಹಟ್ಟಿಗೆ ಬರುವಂಥವು. ಇಂಥ ನಾಡಿನಲ್ಲಿ ಕುರಿಮಾಂಸದ ಮೇಲೆ 'ಹುಲ್ಲು ಮೇಯ್ದದ್ದು' ಎಂದು ಬರೆದರೆ ಹೊಸದೇನೂ ತಿಳಿಯುವುದಿಲ್ಲ. ಯಾವ ಹುಲ್ಲು, ಯಾವ ತಿಂಗಳು, ಯಾವ ತಳಿ ಎಂದು ಹೇಳಿದರೆ ತಿಳಿಯುತ್ತದೆ. ಅಷ್ಟು ತಿಳಿದ ಮೇಲೂ ನನ್ನ ಲೆಕ್ಕದಲ್ಲಿ ಹುಲ್ಲಿನ ಲಾಭ ಹೃದಯಕ್ಕೆ ಅಲ್ಪ, ನಾಲಿಗೆಗೆ ಬಹಳ. ಪೊಟ್ಟಣದ ಚೀಟಿ ಇದನ್ನು ತಿರುವುಮುರುವು ಮಾಡಿ ಹೇಳುತ್ತದೆ.

ಮೊದಲು ಹೃದಯದ ಮಾತು ಮುಗಿಸೋಣ. ಹಸಿರು ಹುಲ್ಲಿನಲ್ಲಿ ಜಿಡ್ಡಿದೆ ಎಂದರೆ ಯಾರೂ ನಂಬುವುದಿಲ್ಲ, ಆದರೆ ಇದೆ. ಒಣತೂಕದ ನೂರು ಭಾಗದಲ್ಲಿ ಎರಡು ಮೂರು ಭಾಗದಷ್ಟು. ಎಲೆಯ ಹಸಿರು ಇರುವ ಕಣಗಳ ಪೊರೆಯಲ್ಲೇ ಈ ಜಿಡ್ಡು ಕೂತಿರುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಆಲ್ಫಾ ಲಿನೋಲೆನಿಕ್ ಎಂಬ ಆಮ್ಲ. ಒಮೆಗಾ-3 ಬಳಗದ ಮೂಲಪುರುಷ ಇದೇ. ಮೆಕ್ಕೆಜೋಳ, ಹತ್ತಿಕಾಳಿನ ಹಿಂಡಿಗಳಲ್ಲಿ ಇದು ನಾಮಕಾವಸ್ತೆ. ಅಲ್ಲಿ ತುಂಬಿರುವುದು ಒಮೆಗಾ-6. ತಿಂದದ್ದು ಮೈಗೆ ಹತ್ತುವುದಾದರೆ ಹುಲ್ಲು ತಿಂದ ಕುರಿಯ ಕೊಬ್ಬಿನಲ್ಲಿ ಒಮೆಗಾ-3 ಜಾಸ್ತಿ, ಕಾಳು ತಿಂದದ್ದರಲ್ಲಿ ಒಮೆಗಾ-6 ಜಾಸ್ತಿ ಇರಬೇಕು. ಹಾಗೆಯೇ ಇರುತ್ತದೆ. ದನದ ಮಾಂಸದ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಒಂದು ಪಾಲು ಒಮೆಗಾ-3ಕ್ಕೆ ಹುಲ್ಲಿನ ಮಾಂಸದಲ್ಲಿ ಸರಾಸರಿ ಒಂದೂವರೆ ಪಾಲು ಒಮೆಗಾ-6, ಕಾಳಿನ ಮಾಂಸದಲ್ಲಿ ಏಳೂವರೆ ಪಾಲಿನಷ್ಟು ಕಂಡಿತು. ಪ್ರಚಾರದವರು ಹಿಡಿದುಕೊಂಡಿರುವುದು ಈ ಅನುಪಾತವನ್ನೇ.

ಅನುಪಾತ ಸುಳ್ಳಲ್ಲ, ಪ್ರಮಾಣ ಮಾತ್ರ ಚಿಕ್ಕದು. ಯಾಕೆಂದರೆ ಹುಲ್ಲು ಮತ್ತು ಮಾಂಸದ ನಡುವೆ ಕುರಿಯ ದೊಡ್ಡ ಹೊಟ್ಟೆಯಿದೆ. ಮೆಲುಕು ಹಾಕುವ ಪ್ರಾಣಿಗಳ ಆ ಹೊಟ್ಟೆಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಹುಲ್ಲಿನ ನಾರನ್ನು ಹುಳಿಯಿಸುತ್ತ ಬದುಕುತ್ತವೆ. ಹುಲ್ಲಿನ ಜಿಡ್ಡಿನ ಈ ಆಮ್ಲ ಅವುಗಳಿಗೆ ಆಗಿಬರುವುದಿಲ್ಲ, ಒಂಥರಾ ವಿಷ. ಹಾಗಾಗಿ ಅದಕ್ಕೆ ಹೈಡ್ರೋಜನ್ ಸೇರಿಸಿ ಸೇರಿಸಿ ಗಟ್ಟಿ ಕೊಬ್ಬಾಗಿ ಮಾರ್ಪಡಿಸಿಬಿಡುತ್ತವೆ. ಕುರಿ ತಿಂದ ಒಮೆಗಾ-3ರಲ್ಲಿ ನೂರಕ್ಕೆ ಎಂಬತ್ತೈದು ತೊಂಬತ್ತು ಭಾಗ ಇಲ್ಲೇ ಖರ್ಚು. ಮಿಕ್ಕಿದ್ದು ಮಾಂಸಕ್ಕೆ ಸೇರುವುದು. ನೂರು ಗ್ರಾಂ ಮಾಂಸಕ್ಕೆ ಅದು ಕೆಲವು ಹತ್ತು ಮಿಲಿಗ್ರಾಂಗಳಿಂದ ನೂರರ ಆಸುಪಾಸು.

ಈಗ ಅಡುಗೆಮನೆಯ ಕಡೆ ನೋಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಪಕ್ಕ ಅಗಸೆ ಚಟ್ನಿಪುಡಿ ಇದ್ದೇ ಇರುತ್ತದೆ. ಒಂದು ಸಣ್ಣ ಚಮಚ, ಅಂದರೆ ಮೂರು ಗ್ರಾಂ ಅಗಸೆಯಲ್ಲಿ ಆರುನೂರು ಮಿಲಿಗ್ರಾಂಗೂ ಮೀರಿ ಆಲ್ಫಾ ಲಿನೋಲೆನಿಕ್ ಸಿಗುತ್ತದೆ. ಅಷ್ಟನ್ನೇ ಮಟನ್ನಿನಿಂದ ಪಡೆಯಬೇಕೆಂದರೆ ಒಬ್ಬರೇ ಅರ್ಧ ಕೆಜಿಗೂ ಹೆಚ್ಚು ತಿನ್ನಬೇಕು. ಅಗಸೆಯದು ಸಸ್ಯದ ಒಮೆಗಾ, ದೇಹ ಅದನ್ನು ಮೀನಿನಲ್ಲಿರುವ ಉದ್ದನೆಯ ಒಮೆಗಾ ಆಗಿ ಬದಲಿಸಿಕೊಳ್ಳುವುದು ಕಡಿಮೆ ಎಂಬ ಆಕ್ಷೇಪ ಸರಿಯೇ. ಹಾಗಿದ್ದರೆ ಮಂಗಳೂರು, ಮಲ್ಪೆಯ ಬೂತಾಯಿ ಇದೆ. ನೂರು ಗ್ರಾಂ ಬೂತಾಯಿಯಲ್ಲಿ ಆ ಉದ್ದನೆಯ ಒಮೆಗಾ ಒಂದು ಗ್ರಾಂ ದಾಟುತ್ತದೆ, ಹುಲ್ಲಿನ ಕುರಿಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಕೂಡ ಇಲ್ಲ. ಒಮೆಗಾ-3ಕ್ಕಾಗಿ ಮಟನ್ ತಿನ್ನುತ್ತೇನೆ ಎನ್ನುವವರು ಬಾಡೂಟಕ್ಕೊಂದು ನೆಪ ಹುಡುಕುತ್ತಿದ್ದಾರೆ ಅಷ್ಟೆ. ಬಾಡೂಟಕ್ಕೆ ನೆಪ ಯಾಕೆ ಬೇಕು?

ಕುರಿಯ ಹೊಟ್ಟೆಯ ಆ ಬ್ಯಾಕ್ಟೀರಿಯಾಗಳು ಹಾಳು ಮಾತ್ರ ಮಾಡುವುದಿಲ್ಲ. ಕೆಲಸ ಅರ್ಧಕ್ಕೆ ನಿಂತಾಗ ಕೆಲವು ವಿಚಿತ್ರ ಕೊಬ್ಬುಗಳು ಉಳಿದುಬಿಡುತ್ತವೆ. ಅದರಲ್ಲೊಂದು ಸಿ.ಎಲ್.ಎ. ಎಂದು ಹೆಸರಾದದ್ದು. ಇದರ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೈಕೆಲ್ ಪರೀಝಾ ಸುಟ್ಟ ಹ್ಯಾಂಬರ್ಗರ್ ಮಾಂಸದಲ್ಲಿ ಕ್ಯಾನ್ಸರ್ ತರುವ ವಸ್ತುಗಳನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ತದ್ವಿರುದ್ಧವಾದದ್ದು: ಪ್ರಯೋಗಾಲಯದಲ್ಲಿ ಅದಕ್ಕೆ ಅಡ್ಡಿ ಮಾಡುವ ಪದಾರ್ಥ. 1987ರ ಹೊತ್ತಿಗೆ ಅದು ಸಿ.ಎಲ್.ಎ. ಎಂದು ಗುರುತಾಯಿತು. ಹಸಿರು ಮೇವು ತಿಂದ ಪ್ರಾಣಿಯಲ್ಲಿ ಇದು ಹೆಚ್ಚು. ಇಲಿಗಳ ಮೇಲೆ ಒಳ್ಳೆಯ ಫಲಿತಾಂಶ ಕೊಟ್ಟ ಈ ಪದಾರ್ಥ ಮನುಷ್ಯರ ವಿಷಯದಲ್ಲಿ ಅಂಥ ಗಟ್ಟಿ ಸಾಕ್ಷಿ ಕೊಟ್ಟಿಲ್ಲ. ತೂಕ ಇಳಿಸುವ ಗುಳಿಗೆಯಾಗಿ ಮಾತ್ರ ಧಾರಾಳವಾಗಿ ಮಾರಾಟವಾಗುತ್ತಿದೆ.

ಬಿ-12, ಸತು, ದೇಹ ಬೇಗ ಹೀರಿಕೊಳ್ಳುವ ಕಬ್ಬಿಣ, ಒಳ್ಳೆಯ ಪ್ರೋಟೀನು ಇವು ಮಾಂಸದ ನಿಜವಾದ ಬಲ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಕುರಿ ಗರಿಕೆ ತಿಂದಿರಲಿ, ಜೋಳ ತಿಂದಿರಲಿ, ಈ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಗೆಯೇ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದು ವರ್ಗೀಕರಿಸಿದಾಗ ಕುರಿ, ಮೇಕೆ ಎರಡೂ ಅದರಲ್ಲಿ ಸೇರಿದ್ದವು. ಹುಲ್ಲು ಮೇಯ್ದದ್ದಕ್ಕೆ ರಿಯಾಯಿತಿ ಇರಲಿಲ್ಲ. ಬೇಕನ್, ಸಾಸೇಜಿನಂಥ ಸಂಸ್ಕರಿಸಿದ ಮಾಂಸವನ್ನು ಇನ್ನೂ ಮೇಲಿನ ಪಟ್ಟಿಗೆ, ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದರು. ಭಾನುವಾರಕ್ಕೊಮ್ಮೆ ತಲೆಗೆ ನೂರು ನೂರೈವತ್ತು ಗ್ರಾಂ ಮಟನ್ ತಿನ್ನುವ ಮನೆಗೆ ಇದರಿಂದ ನಿದ್ದೆಗೆಡುವಂಥದ್ದೇನಿಲ್ಲ. ದಿನಾ ಎರಡು ಹೊತ್ತು ಬಿರಿಯಾನಿ ಕತ್ತರಿಸುವವರಿಗೆ ಹುಲ್ಲು ಕಾಪಾಡುವುದೂ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಹುಲ್ಲಿನ ಮಾಂಸವನ್ನು ಗುರುತಿಸಲು ಕೊಬ್ಬಿನ ಬಣ್ಣ ನೋಡಿ, ಹಳದಿಯಿದ್ದರೆ ಅಸಲಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಅದು ದನದ ಮಾಂಸಕ್ಕೆ ಸರಿ. ಹುಲ್ಲಿನ ಬೀಟಾ ಕೆರೋಟಿನ್ ದನದ ಕೊಬ್ಬಿನಲ್ಲಿ ಹಾಗೆಯೇ ಉಳಿದು ಹಳದಿ ಹಚ್ಚುತ್ತದೆ. ಕುರಿ, ಮೇಕೆ ಅದನ್ನು ಕೊಬ್ಬಿನಲ್ಲಿ ಕೂಡಿಡುವುದಿಲ್ಲ, ಎಷ್ಟೇ ಹಸಿರು ಮೇಯ್ದರೂ ಕೊಬ್ಬು ಬಿಳಿಯೇ. ಮಟನ್ ಅಂಗಡಿಯಲ್ಲಿ ಹಳದಿ ಚರ್ಬಿ ಹುಡುಕಿ ನಿಂತವರನ್ನು ಅಂಗಡಿಯವನು ಸುಮ್ಮನೆ ನೋಡುತ್ತಾನೆ.

ಈಗ ರುಚಿ. ಇಲ್ಲಿ ಬಂಡೂರು ಕುರಿಯನ್ನು ಬಿಟ್ಟು ಮಾತಾಡುವ ಹಾಗಿಲ್ಲ.

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಈ ತಳಿಗೆ ಸರ್ಕಾರಿ ಕಾಗದದಲ್ಲಿ ಮಂಡ್ಯ ಕುರಿ ಎಂದೂ ಹೆಸರಿದೆ. ಗಿಡ್ಡ ಕಾಲು, ನೆಲಕ್ಕೆ ಹತ್ತಿರದ ಮೈ, ಟಗರಿಗೂ ಕೊಂಬಿಲ್ಲ, ಜೋಲು ಕಿವಿ, ಬಿಳಿ ಮೈಗೆ ಕೆಲವಕ್ಕೆ ಕಂದು ಮುಖ. ಹಿಂದೆ ನಿಂತು ನೋಡಿದರೆ ಎರಡು ತೊಡೆಯ ಒಳಬದಿ ಸೇರಿ ಇಂಗ್ಲಿಷಿನ 'ಯು' ಅಕ್ಷರವನ್ನು ತಲೆಕೆಳಗು ಮಾಡಿದ ಹಾಗೆ ಕಾಣುತ್ತದೆ. ತಳಿಶಾಸ್ತ್ರದ ಪುಸ್ತಕಗಳೂ ಇದನ್ನು ಹೀಗೆಯೇ ವರ್ಣಿಸುತ್ತವೆ. ಉಣ್ಣೆಗೆ ಪ್ರಯೋಜನವಿಲ್ಲ, ಮಾಂಸಕ್ಕೇ ಹುಟ್ಟಿದ ಕುರಿ. ಇದರ ಹೆಚ್ಚುಗಾರಿಕೆ ಕೊಬ್ಬು ಕೂರುವ ಜಾಗದಲ್ಲಿದೆ. ಮೇಕೆಗೆ ಕೊಬ್ಬು ಬಂದರೆ ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ ಗಡ್ಡೆ ಕಟ್ಟುತ್ತದೆ, ಮಾಂಸ ಒಣಕಲೇ. ಬಂಡೂರಿನಲ್ಲಿ ಅದು ಮಾಂಸದ ಎಳೆಗಳ ಸಂದಿಯಲ್ಲಿ ಸಣ್ಣಗೆ ಹರಡುತ್ತದೆ. ಬೇಯುವಾಗ ಈ ನೆಣ ಒಳಗಿಂದಲೇ ಕರಗಿ ಮಾಂಸವನ್ನು ಒಣಗಲು ಬಿಡುವುದಿಲ್ಲ. ಮಂಡ್ಯ, ಮೈಸೂರು ಕಡೆ "ಬೆಣ್ಣೆ ಥರ ಬೆಂದೈತೆ" ಅನ್ನುವುದು ಈ ನೆಣದ ಕಾರಣಕ್ಕೆ.

ಇದರಲ್ಲಿ ಹುಲ್ಲಿನ ಪಾಲೆಷ್ಟು? ಇಲ್ಲಿಯೇ ಚೀಟಿ ಎಡವುತ್ತದೆ. ಬಂಡೂರು ಸಾಕುವ ಮನೆಗಳಲ್ಲಿ ನೂರಾರು ಕುರಿಗಳ ಮಂದೆ ಅಪರೂಪ. ನಾಲ್ಕೋ ಎಂಟೋ ಕುರಿ, ಗದ್ದೆ ಬದುವಿನ ಗರಿಕೆ, ಕಬ್ಬಿನ ತೋಟದ ಅಂಚಿನ ಕಳೆ, ನಾಲೆ ಏರಿಯ ಹುಲ್ಲು. ಹಬ್ಬಕ್ಕೋ ಬಕ್ರೀದ್‌ಗೋ ಮಾರಬೇಕಾದ ಟಗರನ್ನು ಮನೆ ಮುಂದೆ ಕಟ್ಟಿ ಹುರುಳಿ, ಹಿಂಡಿ, ಬೂಸಾ ಕೊಟ್ಟು ಮೈ ತುಂಬಿಸುತ್ತಾರೆ. ಅಂದರೆ ನಾಡಿನಲ್ಲೇ ರುಚಿಗೆ ಹೆಸರಾದ ಮಾಂಸ ಅಮೆರಿಕದ ಅರ್ಥದಲ್ಲಿ ಶುದ್ಧ 'ಗ್ರಾಸ್ ಫೆಡ್' ಅಲ್ಲ. ತಳಿಯ ಗುಣ ಮೊದಲು, ಬದುವಿನ ಹಸಿರು ಆಮೇಲೆ, ಕೊನೆಗೆ ಮನೆಯ ಹುರುಳಿ. ಮೂರೂ ಸೇರಿದ ಮೇಲೆ ಬಂಡೂರಿನ ರುಚಿ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಗೆಂದೇ ಸರ್ಕಾರದ ಸಂವರ್ಧನಾ ಕೇಂದ್ರವಿದ್ದರೂ, ಹೊರಗೆ ಎತ್ತರದ ತಳಿಗಳ ಜೊತೆ ಬೆರಕೆಯಾಗಿ ಅಪ್ಪಟ ಬಂಡೂರು ಅಪರೂಪವಾಗಿದೆ. ಎತ್ತರದ ಟಗರು ಹೆಚ್ಚು ತೂಗುತ್ತದೆ, ತಕ್ಕಡಿಗೆ ನೆಣದ ಹಂಚಿಕೆ ಕಾಣುವುದಿಲ್ಲ.

ತುಂಗಭದ್ರೆಯ ಆಚೀಚೆ ಇನ್ನೊಂದು ಲೋಕ. ರಾಯಚೂರು, ಕೊಪ್ಪಳದ ಕೆಂಗುರಿ, ಬಳ್ಳಾರಿ ಕುರಿ, ಕಂಬಳಿಗೆ ಉಣ್ಣೆ ಕೊಡುವ ದಖನಿ, ಬಾಗಲಕೋಟೆ ಕಡೆಯ ಎಳಗ. ಇವು ಉದ್ದ ಕಾಲಿನ, ದಿನಕ್ಕೆ ಮೈಲುಗಟ್ಟಲೆ ನಡೆಯುವ ಕುರಿಗಳು. ಮಳೆಗಾಲ ಮುಗಿದ ಮೇಲೆ ಕುರುಬರು ಕುದುರೆಯ ಮೇಲೆ ಗಂಟುಮೂಟೆ, ಮರಿಗಳನ್ನು ಹೇರಿಕೊಂಡು, ಕೊಯ್ಲಾದ ಹೊಲದಿಂದ ಹೊಲಕ್ಕೆ ಸಾಗುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ರೈತನಿಗೆ ಗೊಬ್ಬರ, ಕುರಿಗಾಹಿಗೆ ಕಾಳೋ ದುಡ್ಡೋ. ಇಂಥ ಕುರಿಯ ಮಾಂಸ ಕಪ್ಪುಗೆಂಪು. ದುಡಿದ ಸ್ನಾಯುವಿಗೆ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಹೆಚ್ಚು ಬೇಕು, ಅದರದೇ ಬಣ್ಣ ಅದು. ನೆಣ ಕಡಿಮೆ, ನಾರು ಬಿಗಿ, ರಸ ಗಾಢ.

ಕುರಿಮಾಂಸಕ್ಕೆ ಕುರಿಮಾಂಸದ್ದೇ ವಾಸನೆ ಎಲ್ಲಿಂದ ಬರುತ್ತದೆ ಎಂಬುದನ್ನು ರಸಾಯನಶಾಸ್ತ್ರ ಚೆನ್ನಾಗಿಯೇ ಬಿಡಿಸಿದೆ. ಒಂದು ಮೂಲ, ಕುರಿ ಮೇಕೆಗಳ ಕೊಬ್ಬಿನಲ್ಲಿ ಮಾತ್ರ ಹೆಚ್ಚಾಗಿ ಕಾಣುವ ಕವಲೊಡೆದ ಸಣ್ಣ ಆಮ್ಲಗಳು. ಹೋತದ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುವಂತೆ ಮಾಡುವುದೂ ಇವುಗಳ ಬಳಗವೇ. ಪ್ರಾಣಿ ಬಲಿತಷ್ಟೂ ಇವು ಏರುತ್ತವೆ, ಬೀಜ ಒಡೆಸದ ಟಗರಿನಲ್ಲಿ ಇನ್ನೂ ಏರುತ್ತವೆ. ಸೋಜಿಗವೆಂದರೆ ಕಾಳು ಹೆಚ್ಚು ತಿಂದ ಕುರಿಯಲ್ಲೂ ಇವು ಜಾಸ್ತಿಯೇ. ಎರಡನೆಯ ಮೂಲ ಹುಲ್ಲಿನದು. ಮಳೆ ಬಿದ್ದ ಮೇಲೆ ಚಿಗುರುವ ಎಳೆ ಹುಲ್ಲಿನಲ್ಲಿ ಪ್ರೋಟೀನು ಬಹಳ. ಹೊಟ್ಟೆಯ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಸ್ಕೇಟೋಲ್ ಎಂಬ ತೀಕ್ಷ್ಣ ಪರಿಮಳದ ವಸ್ತು ಹುಟ್ಟಿ ಕೊಬ್ಬಿಗೆ ಇಳಿಯುತ್ತದೆ. ಕುರಿಮಾಂಸ ರಫ್ತು ಮಾಡುವ ನ್ಯೂಜಿಲೆಂಡಿನ ವಿಜ್ಞಾನಿಗಳು ಇದರ ಬೆನ್ನು ಹತ್ತಿದ್ದಾರೆ, ಯಾಕೆಂದರೆ ಹುಲ್ಲಿನ ಕುರಿ ತಿಂದು ರೂಢಿಯಿಲ್ಲದ ದೇಶಗಳ ಜನಕ್ಕೆ ಅದು ಹಿಡಿಸುವುದಿಲ್ಲ. ನಮಗೆ ಅದೇ ಬೇಕು. ಕುರಿಯ ಘಮ ಇಲ್ಲದ ಸಾರಿಗೆ ನಮ್ಮ ಹಳ್ಳಿಯವರು "ಏನಪ್ಪಾ, ಸಪ್ಪೆ" ಎಂದುಬಿಡುತ್ತಾರೆ. ಮೂರನೆಯದು ಸೊಪ್ಪು. ಬರೀ ಹುಲ್ಲಲ್ಲದೆ ಅಣ್ಣೆ ಸೊಪ್ಪು, ಹೊನಗೊನೆ, ಬೇಲಿಯ ಬಳ್ಳಿ, ಉದುರಿದ ತೊಗರಿ ಎಲೆ ಹೀಗೆ ಬಗೆಬಗೆ ತಿನ್ನುವ ಕುರಿಯ ಕೊಬ್ಬಿಗೆ ಗಿಡಗಳ ಸುಗಂಧತೈಲಗಳೂ ಅಲ್ಪಸ್ವಲ್ಪ ಸೇರುತ್ತವೆ. ಈ ಬಾಬಿನಲ್ಲಿ ಮೇಕೆಯನ್ನು ಮೀರಿಸುವವರಿಲ್ಲ, ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆಯೇ ಇದೆ.

ಋತು ಬದಲಾದರೆ ಇದೆಲ್ಲ ಬದಲಾಗುತ್ತದೆ. ಏಪ್ರಿಲ್ ತಿಂಗಳ ಚಿತ್ರದುರ್ಗದಲ್ಲಿ ಕುರಿ ಮೇಯುವುದು ಹುಲ್ಲನ್ನಲ್ಲ. ಒಣಗಿದ ಕಡ್ಡಿ, ಶೇಂಗಾ ಹೊಟ್ಟು, ಬಳ್ಳಾರಿ ಜಾಲಿಯ ಕಾಯಿ. ಒಣಗಿದ ಹುಲ್ಲಿನಲ್ಲಿ ಒಮೆಗಾ-3 ಬಹುಪಾಲು ಹೋಗಿರುತ್ತದೆ, ವಿಟಮಿನ್ ಇ ಕೂಡ. ಕುರಿಯೂ ಬಡಕಲಾಗಿರುತ್ತದೆ. ಮುಂಗಾರು ಬಿದ್ದೊಡನೆ ಎಲ್ಲ ಸರಿಹೋಗುವುದೂ ಇಲ್ಲ. ಹಸಿದ ಕುರಿ ಎಳೆ ಹುಲ್ಲಿಗೆ ಮುಗಿಬಿದ್ದರೆ ಕರುಳುಬೇನೆ ಬಂದು ರಾತ್ರೋರಾತ್ರಿ ಸಾಯುತ್ತದೆ, ಅದಕ್ಕೇ ಮಳೆಗೆ ಮುಂಚೆ ಲಸಿಕೆ. ಜೋಳ ಕೊಯ್ದ ಹೊಲದಲ್ಲಿ ಮತ್ತೆ ಚಿಗುರಿದ ಕೂಳೆ ಕಣ್ಣಿಗೆ ಹಬ್ಬ, ಆದರೆ ಎಳೆಯದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಬಲ್ಲ ಕುರಿಗಾಹಿ ಅತ್ತ ಮಂದೆಯನ್ನು ತಿರುಗಿಸುವುದೇ ಇಲ್ಲ. ದಸರೆ ಕಳೆದು ಸಂಕ್ರಾಂತಿಯ ತನಕ ಕುರಿ ಮೈ ತುಂಬಿಕೊಂಡಿರುತ್ತದೆ. ಹಳೇ ಮೈಸೂರು ಕಡೆ ಅವರೆಕಾಳು ಹಾಕಿದ ಬಾಡಿನ ಸಾರು ಬರುವುದೂ ಅದೇ ಕಾಲಕ್ಕೆ. ಸೊಗಡಿನ ಅವರೆ, ಮೈತುಂಬಿದ ಕುರಿ ಎರಡೂ ಒಟ್ಟಿಗೆ ಸಿಗುವ ಎರಡು ತಿಂಗಳು ಅವು. ನನ್ನನ್ನು ಕೇಳಿದರೆ ವರ್ಷದ ಮಟನ್ನನ್ನೆಲ್ಲ ಅಲ್ಲೇ ತಿಂದು ಮುಗಿಸಬೇಕು.

ಹುಲ್ಲಿನ ಮಾಂಸ ಗಡುಸು ಎಂಬುದು ಹೊರದೇಶದ ಅಡುಗೆಪುಸ್ತಕಗಳ ಗೋಳು. ಅವರು ಮಾಂಸವನ್ನು ದಪ್ಪ ತುಂಡಾಗಿ ಕಾವಲಿಯ ಮೇಲೆ ನಾಲ್ಕು ನಿಮಿಷ ಸುಟ್ಟು ತಿನ್ನುವವರು. ನಡೆದ ಪ್ರಾಣಿಯ ಸ್ನಾಯುವನ್ನು ಕಟ್ಟಿಹಾಕಿರುವ ಕೊಲಾಜೆನ್ ನಾಲ್ಕು ನಿಮಿಷಕ್ಕೆ ಜಗ್ಗುವುದಿಲ್ಲ. ಅದು ಕರಗಿ ಅಂಟಾಗಲು ನೀರು, ಹದವಾದ ಬಿಸಿ, ಹೊತ್ತು ಬೇಕು. ನಮ್ಮ ಸಾರು ಮಾಡುವ ಕ್ರಮವೇ ನಡೆದ ಕುರಿಗೆಂದು ಹುಟ್ಟಿದ್ದು. ಪಾತ್ರೆಗೆ ಎಣ್ಣೆ ಬಿಟ್ಟು ಈರುಳ್ಳಿ ಬಾಡಿಸಿ, ಮಾಂಸ ಹಾಕಿ, ಅರಿಶಿನ, ಕಲ್ಲುಪ್ಪು ಬೆರೆಸಿ ತಟ್ಟೆ ಮುಚ್ಚಿದರೆ ಮಾಂಸ ತಾನೇ ನೀರು ಬಿಟ್ಟುಕೊಳ್ಳುತ್ತದೆ. ಆ ನೀರು ಇಂಗಿ, ಕೊಬ್ಬು ಕರಗಿ ಅಂಚಿನಲ್ಲಿ ಚಿರ್ರೆನ್ನುವ ತನಕ ಕೈಯಾಡಿಸುತ್ತಾರೆ. ಆಮೇಲೆ ಬಿಸಿನೀರು; ತಣ್ಣೀರು ಹುಯ್ದರೆ ಅಜ್ಜಿಯರು ಬಯ್ಯುತ್ತಾರೆ. ಮೂಳೆಯ ಹತ್ತಿರದ ಮಾಂಸ ಬಿಟ್ಟುಕೊಳ್ಳುವ ಹೊತ್ತಿಗೆ ಕೊತ್ತಂಬರಿ, ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ, ಕಾಯಿ ರುಬ್ಬಿದ ಖಾರ. ನಲ್ಲಿಮೂಳೆಯ ಒಳಗಿನದು, ಕರಗಿದ ಕೊಲಾಜೆನ್, ನೆಣ ಮೂರೂ ಸೇರಿದ ಸಾರು ಮುದ್ದೆಗೆ ಅಂಟುತ್ತದೆ. ಕುಕ್ಕರಿನಲ್ಲಿ ಐದು ಕೂಗು ಕೂಗಿಸಿದರೂ ಬೇಯುತ್ತದೆ, ಆದರೆ ಆ ಮೊದಲ ಹಂತವನ್ನು ಹಾರಿಸಿದರೆ ಹುಲ್ಲಿಗೆ ಕೊಟ್ಟ ದುಡ್ಡು ದಂಡ.

ಕುರಿಯ ಕೊಬ್ಬು ಕರಗುವುದು 44–50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ನಮ್ಮ ಬಾಯಿಯ ಬಿಸಿ 37. ಆರಿದ ಸಾರು ತುಟಿಗೆ ಮೇಣ ಹಚ್ಚುವುದು ಈ ಅಂತರದಿಂದ. "ಬಿಸಿ ಇದ್ದಾಗ್ಲೇ ಉಣ್ರಪ್ಪ" ಎಂಬ ಒತ್ತಾಯದಲ್ಲಿ ಉಪಚಾರದಷ್ಟೇ ಭೌತಶಾಸ್ತ್ರವೂ ಇದೆ.

ಅಂಗಡಿಯಿಂದ ತಂದದ್ದನ್ನು ಏನು ಮಾಡುತ್ತೇವೆ ಎಂಬುದರಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಬೆಳಿಗ್ಗೆ ಕೊಯ್ದ, ಇನ್ನೂ ಬೆಚ್ಚಗಿರುವ ಮಾಂಸವನ್ನು ತಂದ ಕೂಡಲೇ ಫ್ರೀಜರಿಗೆ ತಳ್ಳುವುದು. ಸ್ನಾಯು ಪೂರ್ತಿ ಸೆಟೆದುಕೊಳ್ಳುವ ಮುಂಚೆಯೇ ಹತ್ತು ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಮುದುಡಿ ಬಿಗಿಯಾಗುತ್ತದೆ, ಮತ್ತೆ ಎಷ್ಟು ಬೇಯಿಸಿದರೂ ಪೂರ್ತಿ ಮೆತ್ತಗಾಗುವುದಿಲ್ಲ. ಮೈಮೇಲೆ ಕೊಬ್ಬಿನ ಹೊದಿಕೆ ತೆಳ್ಳಗಿರುವ ಕುರಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ತಂದ ದಿನವೇ ಬೇಯಿಸುವುದು ಉತ್ತಮ. ಹೊಸತೊಡಕಿನ ದಿನ ಹಳ್ಳಿಗಳಲ್ಲಿ ಆಗುವುದು ಅದೇ. ಯುಗಾದಿಯ ಮಾರನೇ ದಿನ ನಾಲ್ಕಾರು ಮನೆಯವರು ಸೇರಿ ಟಗರು ಕೊಂಡು, ತೋಪಿನಲ್ಲಿ ಕೊಯ್ದು, ಹಾಸಿದ ಎಲೆಯ ಮೇಲೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ತೊಡೆಯದೊಂದು ಚೂರು, ಪಕ್ಕೆಯದೊಂದು, ಈಲಿಯ ತುಂಡು, ಬೋಟಿಯ ಪಾಲು. ಎರಡು ಗುಡ್ಡೆ ಸಮ ಕಾಣದಿದ್ದರೆ ಒಂದರಿಂದ ತೆಗೆದು ಇನ್ನೊಂದಕ್ಕೆ. ಗುಡ್ಡೆ ಬಾಡು ಒಯ್ಯುವವನಿಗೆ ಟಗರು ಯಾರ ಮನೆಯದು, ಯಾವ ಕೆರೆ ಅಂಗಳದಲ್ಲಿ ಮೇಯ್ದಿತ್ತು ಎಂಬುದೆಲ್ಲ ಗೊತ್ತು. ಆದರೆ ಅದು ಚೈತ್ರ, ಮೇವು ಕಡಿಮೆಯ ಕಾಲ. ಆ ಟಗರಿಗೆ ಹುರುಳಿ ತಿನ್ನಿಸಿರುವುದು ಸುಮ್ಮನೆ ಅಲ್ಲ.

ಇತ್ತೀಚೆಗೆ ಅಟ್ಟಣಿಗೆಯ ಮೇಲೆ ಕುರಿ ಸಾಕುವ ಕೊಟ್ಟಿಗೆಗಳು ಬಯಲುಸೀಮೆಯ ತುಂಬ ಎದ್ದಿವೆ. ಕೆಳಗೆ ಹಿಕ್ಕೆ ಬೀಳಲು ಸಂದು ಬಿಟ್ಟ ಹಲಗೆಯ ನೆಲ, ಪಕ್ಕದಲ್ಲಿ ನೇಪಿಯರ್ ಹುಲ್ಲು, ಬೇಲಿಮೆಂತೆಯ ತಾಕು, ಮೆಕ್ಕೆಜೋಳದ ರಸಮೇವಿನ ಗುಂಡಿ, ಮೂಟೆಯಲ್ಲಿ ಪಶು ಆಹಾರ. ಮೂರು ತಿಂಗಳ ಮರಿ ತಂದು ಕೆಲವು ತಿಂಗಳಲ್ಲಿ ತೂಕ ಬರಿಸಿ ಮಾರುವ ಲೆಕ್ಕಾಚಾರ. ಬೈಯಲು ನನಗೆ ಮನಸ್ಸಿಲ್ಲ. ಹಸಿರು ಕತ್ತರಿಸಿ ಹಾಕಿದರೆ ಹುಲ್ಲಿನ ಒಮೆಗಾ ಅಲ್ಲೂ ಸಿಗುತ್ತದೆ, ಕೂತು ತಿಂದ ಮರಿಯ ಮಾಂಸ ಎಳಸಾಗಿ ಬೇಗ ಬೇಯುತ್ತದೆ, ರೋಗ ಹತೋಟಿ ಸುಲಭ. ನಗರದ ಅಂಚಿನ ತಿಪ್ಪೆಯಲ್ಲಿ ಪ್ಲಾಸ್ಟಿಕ್ ಮಧ್ಯೆ ಮೇಯ್ದ ಕುರಿಗಿಂತ ಕೊಟ್ಟಿಗೆಯದು ಎಷ್ಟೋ ಮೇಲು. ಒಂದೇ ಬಗೆಯ ಹುಲ್ಲಿನಿಂದ ಹತ್ತು ಬಗೆಯ ಸೊಪ್ಪಿನ ಘಮ ಮಾತ್ರ ಬರುವುದಿಲ್ಲ.

ಹತ್ತು ಬಗೆಯ ಸೊಪ್ಪಿರುವ ಜಾಗ ಎಲ್ಲಿ ಉಳಿದಿದೆ ಎಂಬುದು ಬೇರೆ ಪ್ರಶ್ನೆ. ನೂರು ದನಕ್ಕೆ ಹನ್ನೆರಡು ಹೆಕ್ಟೇರ್ ಗೋಮಾಳ ಬಿಡಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಹಳ್ಳಿಗಳಲ್ಲಿ ಗೋಮಾಳದ ಮೇಲೆ ಶಾಲೆ, ನಿವೇಶನ, ಸ್ಮಶಾನ, ಸಾಗುವಳಿ ಎಲ್ಲ ಬಂದಿದೆ. ಚಳ್ಳಕೆರೆಯ ಅಮೃತ್ ಮಹಲ್ ಕಾವಲು ಎಂಬ ಹುಲ್ಲುಗಾವಲಿನಲ್ಲಿ ಸುಮಾರು 10,000 ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು, ಕಂಬಳಿ ನೇಯುವವರು ಮೇವಿನ ನೆಲ ಹೋಯಿತೆಂದು ದೂರಿದರು, ಹಸಿರು ನ್ಯಾಯಮಂಡಳಿಯ ತನಕ ವಿಷಯ ಮುಟ್ಟಿತು. ನೀರಾವರಿ ಬಂದ ಕಡೆ ವರ್ಷಕ್ಕೆರಡು ಬೆಳೆ, ನಡುವೆ ಕುರಿಗೆ ಹೊಲ ಬಿಡುವ ಮಾತಿಲ್ಲ. ಬಿಟ್ಟರೂ ಔಷಧಿ ಹೊಡೆದ ಹೊಲವೇ ಎಂದು ವಿಚಾರಿಸಿಕೊಂಡೇ ಕುರಿ ಹೊಡೆಯಬೇಕು.

ಹಾಗಾಗಿ 'ಗ್ರಾಸ್ ಫೆಡ್' ಎಂದು ಕೆಜಿಗೆ ನೂರಿನ್ನೂರು ಹೆಚ್ಚು ಕೇಳುವ ಅಂಗಡಿಯವರನ್ನು ಸಂತೆಯವನ ಹಾಗೆಯೇ ಪ್ರಶ್ನೆ ಮಾಡುವುದರಲ್ಲಿ ಸಂಕೋಚ ಬೇಡ. ಯಾವ ಊರಿನ ಮಂದೆ, ಯಾವ ತಳಿ, ಎಷ್ಟು ಹಲ್ಲಿನದು, ಕೊನೆಯ ಎರಡು ತಿಂಗಳು ಏನು ತಿಂದಿತ್ತು? ಇಷ್ಟಕ್ಕೆ ಉತ್ತರ ಬಂದರೆ ಹೆಚ್ಚಿನ ದುಡ್ಡು ಕೊಡಿ. ಅದರಲ್ಲಿ ಒಂದು ಪಾಲು ಕುರಿ ಕಾಯ್ದವನಿಗೆ ಮುಟ್ಟುತ್ತದೆಯೇ ಎಂದೂ ಕೇಳಿ. ಉತ್ತರ ಬರದಿದ್ದರೆ ಪಕ್ಕದ ಬೀದಿಯ ಮಾಮೂಲಿ ಅಂಗಡಿಗೆ ಬೆಳಿಗ್ಗೆ ಆರೂವರೆಗೇ ಹೋಗಿ, ತೂಗಿ ಹಾಕಿದ್ದನ್ನು ನೋಡಿ, "ಎರಡು ಹಲ್ಲಿಂದು, ಮುಂಗಾಲು, ಪಕ್ಕೆ ಸೇರಿಸಿ, ಸ್ವಲ್ಪ ನೆಣ ಇರ್ಲಿ" ಎನ್ನಿ. ಅಗಸೆ ಚಟ್ನಿಪುಡಿ ಮನೆಯಲ್ಲಿ ಹೇಗೂ ಇರುತ್ತದೆ.